ಆಟೋ ಮೋಡ್‌ನಲ್ಲಿ ಕನ್ವೇಯರ್ ಬೆಲ್ಟ್ ಓಡುತ್ತಿಲ್ಲ, ಹಸಿರು ದೀಪ ಮಾತ್ರ ಉರಿಯುತ್ತಿದೆ: ಪಿಎಲ್‌ಸಿ ಕೆಟ್ಟಿದೆಯೇ?

ತಿಪಟೂರು ವೈರ್‌ಮನ್:
ಎಲ್ಲರಿಗೂ ನಮಸ್ಕಾರ. ನಮ್ಮ ಕೊಬ್ಬರಿ ಎಣ್ಣೆ ಘಟಕದಲ್ಲಿ ಬಾಟಲಿ ಸಾಗಿಸುವ ಕನ್ವೇಯರ್ ಮೂರು ದಿನಗಳಿಂದ ನಿಂತಿದೆ. ಸ್ಟಾರ್ಟ್ ಬಟನ್ ಒತ್ತಿದರೆ ‘ಕನ್ವೇಯರ್ ಚಾಲನೆಯಲ್ಲಿದೆ’ ಎಂಬ ಹಸಿರು ದೀಪ ಹತ್ತಿ, ಸ್ಟಾಪ್ ಒತ್ತುವವರೆಗೂ ಉರಿಯುತ್ತದೆ, ಬೆಲ್ಟ್ ಮಾತ್ರ ಅಲುಗುವುದಿಲ್ಲ. ಮೋಟರ್ ಬಿಚ್ಚಿ ನೋಡಿದೆ, ಓವರ್‌ಲೋಡ್ ರಿಲೇ ಬದಲಿಸಿದೆ, ಸಾಲದ್ದಕ್ಕೆ 24 ವೋಲ್ಟ್ ಪವರ್ ಸಪ್ಲೈಯನ್ನೂ ಹೊಸದು ಹಾಕಿದೆ. ಮಾಲೀಕರು ಗಂಟೆಗೊಮ್ಮೆ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ. ಯಂತ್ರವನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಪಿಎಲ್‌ಸಿ (ನಿಯಂತ್ರಕ) ಕೆಟ್ಟಿದೆ ಎಂದು ಬರೆದುಕೊಟ್ಟು ಹೊಸದನ್ನು ತರಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ರಿಲೇ ಕಾಲದವನು:
ದೀಪ ಉರಿಯುತ್ತಿದೆ ಎಂದರೆ ಪ್ರೋಗ್ರಾಂ ತನ್ನ ಕೆಲಸವನ್ನು ಮಾಡಿದೆ ಎಂದೇ ಅರ್ಥ. ನಿಮ್ಮದು ರಿಲೇ ಔಟ್‌ಪುಟ್ ಇರುವ ಪಿಎಲ್‌ಸಿಯಾಗಿದ್ದರೆ ಅದರೊಳಗಿನ ರಿಲೇಯ ಕಾಂಟ್ಯಾಕ್ಟ್ ಸುಟ್ಟುಹೋಗಿದೆ. ಮೋಟರ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸರ್ಜ್ ಸಪ್ರೆಸರ್ (ವೋಲ್ಟೇಜ್ ಜಿಗಿತ ತಡೆಯುವ ಸಾಧನ) ಹಾಕದೆ ನೇರವಾಗಿ ಕೊಟ್ಟಿರುತ್ತೀರಿ. ಖಾಲಿ ಉಳಿದಿರುವ ಇನ್ನೊಂದು ಔಟ್‌ಪುಟ್‌ಗೆ ವೈರ್ ಬದಲಿಸಿ, ಅಡ್ರೆಸ್ ತಿದ್ದಿಕೊಳ್ಳಿ.

ಸ್ಕ್ಯಾನ್ ಟೈಮ್:
ಅಷ್ಟು ಬೇಗ ತೀರ್ಮಾನಕ್ಕೆ ಬರುವುದು ಬೇಡ. ಪಿಎಲ್‌ಸಿ ಯಾವ ಮಾದರಿಯದು? ಕನ್ವೇಯರ್ ಯಾವ ಔಟ್‌ಪುಟ್‌ನಲ್ಲಿದೆ? ಸ್ಟಾರ್ಟ್ ಒತ್ತಿದಾಗ ಪಿಎಲ್‌ಸಿಯ ಮುಖದ ಮೇಲೆ ಆ ಔಟ್‌ಪುಟ್‌ನ ಪುಟ್ಟ ಎಲ್‌ಇಡಿ ಹತ್ತುತ್ತದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಜಗಳ ಮುಗಿಯುತ್ತದೆ.

ತಿಪಟೂರು ವೈರ್‌ಮನ್:
ಮಿತ್ಸುಬಿಷಿ ಎಫ್‌ಎಕ್ಸ್3ಜಿ-24ಎಂಆರ್. ಅದರಲ್ಲಿ ಎಕ್ಸ್ ಎಂದರೆ ಇನ್‌ಪುಟ್, ವೈ ಎಂದರೆ ಔಟ್‌ಪುಟ್. ಕನ್ವೇಯರ್ ಕಾಂಟ್ಯಾಕ್ಟರ್ ವೈ0, ಹಸಿರು ದೀಪ ವೈ1, ಸ್ಟಾರ್ಟ್ ಎಕ್ಸ್0, ಸ್ಟಾಪ್ ಎಕ್ಸ್1, ಆಟೋ-ಮ್ಯಾನ್ಯುಯಲ್ ಸ್ವಿಚ್ ಎಕ್ಸ್10. ಎಕ್ಸ್0ರ ಎಲ್‌ಇಡಿ ಹತ್ತುತ್ತದೆ, ವೈ1ರದೂ ಹತ್ತುತ್ತದೆ, ವೈ0ರದು ಹತ್ತುವುದಿಲ್ಲ. ಪ್ರೋಗ್ರಾಂ ಬರೆಯುವ ತಂತ್ರಾಂಶ ಜಿಎಕ್ಸ್ ವರ್ಕ್ಸ್2ರಲ್ಲಿ ಮಾನಿಟರ್ ಮಾಡಿದರೆ ವೈ0 ಸಾಲಿನ ಕಾಂಟ್ಯಾಕ್ಟ್‌ಗಳೆಲ್ಲವೂ (ಷರತ್ತುಗಳು) ನೀಲಿಯಾಗಿವೆ, ಅಂದರೆ ಆನ್ ಆಗಿವೆ, ಕೊನೆಯ ಕಾಯಿಲ್ (ಸಾಲಿನ ಫಲಿತಾಂಶ) ಮಾತ್ರ ಆಗಿಲ್ಲ.

ಪ್ಯಾನೆಲ್ ಬೋರ್ಡ್:
ಎಕ್ಸ್10 ಎಂದರೆ ಹನ್ನೊಂದನೆಯ ಇನ್‌ಪುಟ್ ತಾನೇ? ಅದರ ವೈರ್ ಸಡಿಲವಾಗಿರಬಹುದು. ಇರಲಿ, ಸ್ಟಾಪ್ ಬಟನ್ ಎಕ್ಸ್1 ಅನ್ನು ಪ್ರೋಗ್ರಾಂನಲ್ಲಿ ನಾರ್ಮಲಿ ಓಪನ್ (ಸಿಗ್ನಲ್ ಬಂದಾಗ ಮುಚ್ಚುವುದು) ಎಂದು ಹಾಕಿದ್ದೀರೋ ನಾರ್ಮಲಿ ಕ್ಲೋಸ್ಡ್ (ಸಿಗ್ನಲ್ ಬಂದಾಗ ತೆರೆಯುವುದು) ಎಂದೋ?

ತಿಪಟೂರು ವೈರ್‌ಮನ್:
ಓಪನ್ ಎಂದೇ ಇದೆ.

ಪ್ಯಾನೆಲ್ ಬೋರ್ಡ್:
ಸಿಕ್ಕಿತು! ಸ್ಟಾಪ್ ಬಟನ್‌ಗೆ ಕ್ಲೋಸ್ಡ್ ಕಾಂಟ್ಯಾಕ್ಟ್ ಇರಬೇಕು. ಅದನ್ನು ತಿರುಗಿಸಿ.

ಸ್ಕ್ಯಾನ್ ಟೈಮ್:
ದಯವಿಟ್ಟು ತಿರುಗಿಸಬೇಡಿ. ಬಟನ್ ಸ್ವತಃ ನಾರ್ಮಲಿ ಕ್ಲೋಸ್ಡ್ ಆಗಿದ್ದರೆ, ಯಾರೂ ಒತ್ತದಿರುವಾಗ ಎಕ್ಸ್1ಕ್ಕೆ ಸಿಗ್ನಲ್ ಬರುತ್ತಲೇ ಇರುತ್ತದೆ, ಪ್ರೋಗ್ರಾಂನ ಓಪನ್ ಕಾಂಟ್ಯಾಕ್ಟ್ ಆ ಸಿಗ್ನಲ್‌ನಿಂದಲೇ ಮುಚ್ಚಿಕೊಳ್ಳುತ್ತದೆ. ಹೀಗೆ ಮಾಡುವುದಕ್ಕೆ ಕಾರಣವೂ ಇದೆ: ಇಲಿ ವೈರ್ ಕಡಿದರೆ ಯಂತ್ರ ನಿಲ್ಲಬೇಕೇ ಹೊರತು, ನಿಲ್ಲಿಸಲಾಗದ ಸ್ಥಿತಿಗೆ ಹೋಗಬಾರದು. ಎಕ್ಸ್10 ಹನ್ನೊಂದನೆಯದೂ ಅಲ್ಲ, ಒಂಬತ್ತನೆಯದು. ಎಫ್‌ಎಕ್ಸ್ ಸರಣಿಯಲ್ಲಿ ಎಣಿಕೆ ಎಂಟರ ಲೆಕ್ಕದಲ್ಲಿ ನಡೆಯುವುದರಿಂದ ಎಕ್ಸ್7 ಆದ ಕೂಡಲೇ ಎಕ್ಸ್10 ಬರುತ್ತದೆ.

ಪ್ಯಾನೆಲ್ ಬೋರ್ಡ್:
ಹದಿನೈದು ವರ್ಷಗಳಿಂದ ಪ್ಯಾನೆಲ್ ಕಟ್ಟುತ್ತಿರುವ ನನಗೆ ಸ್ಟಾಪ್ ಬಟನ್ ಪಾಠ ಬೇಕಾಗಿಲ್ಲ.

ರಿಲೇ ಕಾಲದವನು:
ಔಟ್‌ಪುಟ್ ರಿಲೇಯನ್ನು ಎಲ್ಲರೂ ಮರೆತಿರಿ. ದೀಪದ ಸಾಲಿನಲ್ಲಿ ವೈ0ರ ಕಾಂಟ್ಯಾಕ್ಟ್ ಇದೆಯೇ, ನೋಡಿ. ಇದ್ದರೆ ವೈ0 ಆನ್ ಆಗದೆ ದೀಪ ಉರಿಯಲು ಸಾಧ್ಯವೇ ಇಲ್ಲ. ಆದ್ದರಿಂದ ರಿಲೇಯೇ ಹೋಗಿದೆ.

ತಿಪಟೂರು ವೈರ್‌ಮನ್:
ಹೌದು ಸರ್, ವೈ1ರ ಸಾಲಿನಲ್ಲಿ ವೈ0ರ ಕಾಂಟ್ಯಾಕ್ಟ್ ಒಂದೇ ಇದೆ. ಆದರೆ ರಿಲೇ ಹೋಗಿರಲಾರದು, ಏಕೆಂದರೆ ಮ್ಯಾನ್ಯುಯಲ್‌ನಲ್ಲಿ ಬೆಲ್ಟ್ ಚೆನ್ನಾಗಿಯೇ ಓಡುತ್ತದೆ.

ಸ್ಕ್ಯಾನ್ ಟೈಮ್:
ಮ್ಯಾನ್ಯುಯಲ್‌ನಲ್ಲಿ ಓಡುತ್ತದೆ ಎಂಬುದನ್ನು ಮೊದಲೇ ಹೇಳಬಾರದಿತ್ತೇ! ಈಚೆಗೆ ಪ್ರೋಗ್ರಾಂನಲ್ಲಿ ಯಾರಾದರೂ ಏನನ್ನಾದರೂ ಬದಲಿಸಿದ್ದಾರೆಯೇ?

ತಿಪಟೂರು ವೈರ್‌ಮನ್:
ಏನನ್ನೂ ಬದಲಿಸಿಲ್ಲ. ಮೂರು ದಿನದ ಹಿಂದೆ ಬೆಲ್ಟ್ ತೊಳೆಯುವಾಗ ಅನುಕೂಲವಾಗಲೆಂದು ಗುತ್ತಿಗೆದಾರರು ಎಕ್ಸ್3ಕ್ಕೆ ಒಂದು ಜಾಗ್ ಬಟನ್ (ಒತ್ತಿದಷ್ಟು ಹೊತ್ತು ಮಾತ್ರ ಬೆಲ್ಟ್ ಓಡಿಸುವುದು) ಸೇರಿಸಿಕೊಟ್ಟರು, ಅಷ್ಟೇ. ಅದು ಪ್ರೋಗ್ರಾಂನ ಕೊನೆಯ ಸಾಲು: ಎಕ್ಸ್10 ಆಫ್ ಇದ್ದು (ಅಂದರೆ ಮ್ಯಾನ್ಯುಯಲ್‌ನಲ್ಲಿ) ಎಕ್ಸ್3 ಒತ್ತಿದರೆ ವೈ0.

ಸ್ಕ್ಯಾನ್ ಟೈಮ್:
ಆ ‘ಅಷ್ಟೇ’ಯಲ್ಲಿಯೇ ಎಲ್ಲವೂ ಇದೆ. ವೈ0 ಕಾಯಿಲ್ ಈಗ ಎರಡು ಕಡೆ ಬರೆಯಲ್ಪಟ್ಟಿದೆ. ಪಿಎಲ್‌ಸಿ ಮೊದಲು ಇನ್‌ಪುಟ್‌ಗಳನ್ನೆಲ್ಲ ಓದಿ ನೆನಪಿನಲ್ಲಿಟ್ಟುಕೊಂಡು, ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಲೆಕ್ಕ ಹಾಕಿ, ಕೊನೆಯ ಸಾಲು ಮುಗಿದ ಮೇಲೆಯೇ ಫಲಿತಾಂಶವನ್ನು ಔಟ್‌ಪುಟ್ ಟರ್ಮಿನಲ್‌ಗಳಿಗೆ ಕಳುಹಿಸುತ್ತದೆ, ಆಮೇಲೆ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಆಟೋ ಸಾಲು ವೈ0 ಅನ್ನು ನೆನಪಿನಲ್ಲಿ ಆನ್ ಮಾಡುತ್ತದೆ. ಅದರ ಕೆಳಗಿನ ದೀಪದ ಸಾಲು ಅದನ್ನು ನೋಡಿ ವೈ1 ಅನ್ನು ಆನ್ ಮಾಡುತ್ತದೆ. ಕೊನೆಯಲ್ಲಿ ಜಾಗ್ ಸಾಲು ಬರುತ್ತದೆ. ಆಟೋದಲ್ಲಿ ಅದರ ಷರತ್ತು ಸುಳ್ಳಾದ್ದರಿಂದ ವೈ0 ಅನ್ನು ಅದು ಆಫ್ ಮಾಡಿಬಿಡುತ್ತದೆ. ಹೊರಗೆ ಹೋಗುವುದು ಈ ಕೊನೆಯ ಮಾತು ಮಾತ್ರ. ದೀಪ ಸುಳ್ಳು ಹೇಳುತ್ತಿಲ್ಲ, ಅದು ನೋಡಿದ ಕ್ಷಣದಲ್ಲಿ ವೈ0 ನಿಜವಾಗಿಯೂ ಆನ್ ಆಗಿತ್ತು.

ರಿಲೇ ಕಾಲದವನು:
ನಾವು ಒಂದೇ ಕಾಯಿಲ್‌ಗೆ ಎರಡು ಕಡೆಯಿಂದ ವೈರ್ ತಂದು ಕೊಟ್ಟು ವರ್ಷಗಟ್ಟಲೆ ಓಡಿಸಿದ್ದೇವೆ. ಯಾವ ಕಡೆಯಿಂದ ಬಂದರೂ ಕಾಯಿಲ್ ಎಳೆದುಕೊಳ್ಳುತ್ತಿತ್ತು.

ಸ್ಕ್ಯಾನ್ ಟೈಮ್:
ವೈರ್‌ಮನ್ ಅವರ ಗುತ್ತಿಗೆದಾರರು ಎಡವಿರುವುದೂ ಅಲ್ಲಿಯೇ ಎಂದು ತೋರುತ್ತದೆ. ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ ರಿಲೇ ಪ್ಯಾನೆಲ್‌ಗಳಿಗೆ ಬದಲಿ ಕೇಳಿದಾಗ ಡಿಕ್ ಮಾರ್ಲಿಯವರ ತಂಡದ ಮೊಡಿಕಾನ್ 084 ಆ ಜಾಗಕ್ಕೆ ಬಂದಿತು. ರಿಲೇ ನಕ್ಷೆ ಓದಬಲ್ಲ ಎಲೆಕ್ಟ್ರಿಷಿಯನ್‌ಗಳಿಗೆ ಹೊಸ ಭಾಷೆ ಕಲಿಯುವ ತೊಂದರೆ ತಪ್ಪಲೆಂದೇ ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಡರ್ ವಿಧಾನಕ್ಕೆ ರಿಲೇ ನಕ್ಷೆಯ ರೂಪವನ್ನು ಕೊಟ್ಟರು. ರೂಪ ಅದೇ ಆದರೂ ನಡೆ ಬೇರೆ. ರಿಲೇ ಪ್ಯಾನೆಲ್‌ನಲ್ಲಿ ಎಲ್ಲ ದಾರಿಗಳೂ ಏಕಕಾಲಕ್ಕೆ ಜೀವಂತವಾಗಿರುತ್ತವೆ, ಪಿಎಲ್‌ಸಿಯಲ್ಲಿ ಒಂದಾದ ಮೇಲೊಂದು ಬರುತ್ತವೆ.

ವೈರ್‌ಮನ್ ಅವರೇ, ಆಟೋ ಸಾಲಿನ ಕೊನೆಗೆ ವೈ0 ಬದಲು ಖಾಲಿ ಇರುವ ಒಂದು ಎಂ (ಹೊರಗೆ ವೈರ್ ಇಲ್ಲದ, ಪಿಎಲ್‌ಸಿಯ ನೆನಪಿನೊಳಗಿನ ರಿಲೇ), ಉದಾಹರಣೆಗೆ ಎಂ10, ಜಾಗ್ ಸಾಲಿಗೆ ಎಂ11 ಹಾಕಿ. ಆಮೇಲೆ ಒಂದೇ ಸಾಲಿನಲ್ಲಿ ಎಂ10 ಅಥವಾ ಎಂ11 ಬಂದರೆ ವೈ0 ಎಂದು ಬರೆಯಿರಿ, ದೀಪದ ಸಾಲನ್ನು ಅದರ ಕೆಳಗಿಡಿ. ತಿದ್ದುವ ಮೊದಲು ಹಳೆಯ ಪ್ರೋಗ್ರಾಂನ ಪ್ರತಿ ತೆಗೆದಿಟ್ಟುಕೊಳ್ಳಿ. ಪರೀಕ್ಷಿಸುವಾಗ ಬೆಲ್ಟ್ ಬಳಿ ಯಾರ ಕೈಯೂ ಇರದಂತೆ ನೋಡಿಕೊಳ್ಳಿ, ಎಮರ್ಜೆನ್ಸಿ ಸ್ಟಾಪ್ ಪಿಎಲ್‌ಸಿಯನ್ನು ನಂಬದೆ ನೇರವಾಗಿ ಕಾಂಟ್ಯಾಕ್ಟರ್ ಕಾಯಿಲ್‌ನ ಸಪ್ಲೈಯನ್ನೇ ಕಡಿಯುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಪ್ಯಾನೆಲ್ ಬೋರ್ಡ್:
ಎರಡೂ ಕಡೆ ಸೆಟ್-ರೀಸೆಟ್ (ಸೆಟ್ ಆದದ್ದು ರೀಸೆಟ್ ಆಗುವವರೆಗೂ ಆನ್ ಉಳಿಯುವ ಆದೇಶ) ಹಾಕಿದರೆ ಇಷ್ಟೆಲ್ಲ ಬೇಕಾಗಿಲ್ಲ.

ಸ್ಕ್ಯಾನ್ ಟೈಮ್:
ಹಾಕಬಹುದು. ಆದರೆ ರೀಸೆಟ್ ಮಾಡುವ ಒಂದು ಜಾಗ ಮರೆತರೆ ಜಾಗ್ ಬಟನ್ ಬಿಟ್ಟ ಮೇಲೂ ಬೆಲ್ಟ್ ಓಡುತ್ತಲೇ ಇರುತ್ತದೆ. ತೊಳೆಯುವವರ ಕೈ ಅಲ್ಲಿಯೇ ಇರುತ್ತದೆ.

ರಿಲೇ ಕಾಲದವನು:
ಏನೇ ಆಗಲಿ, ಸರ್ಜ್ ಸಪ್ರೆಸರ್ ಹಾಕಿಸಿ.

ತಿಪಟೂರು ವೈರ್‌ಮನ್:
ಬೆಲ್ಟ್ ಓಡಿತು. ಎಲ್ಲರಿಗೂ ಧನ್ಯವಾದಗಳು, ಸಪ್ರೆಸರ್ ಕೂಡ ತರಿಸುತ್ತಿದ್ದೇನೆ. ಪ್ರೋಗ್ರಾಂ ಚೆಕ್‌ನಲ್ಲಿ ಎರಡೆರಡು ಬಾರಿ ಬರೆದ ಕಾಯಿಲ್‌ಗಳನ್ನು ಹುಡುಕುವ ಆಯ್ಕೆ ಕಂಡಿತು. ಅದನ್ನು ಓಡಿಸಿದಾಗ ವೈ4 ಕೂಡ ಎರಡು ಕಡೆ ಇದೆ ಎಂದು ತೋರಿಸಿತು. ಅದು ಬಾಟಲಿ ಸಿಕ್ಕಿಕೊಂಡಾಗ ಕೂಗಬೇಕಾದ ಹಾರ್ನ್. ಅದು ಸುಟ್ಟಿದೆ ಎಂದುಕೊಂಡು ಸೋಮವಾರವಷ್ಟೇ ಹೊಸ ಹಾರ್ನ್ ತರಿಸಿದ್ದೆವು, ಅದೂ ಕೂಗಿರಲಿಲ್ಲ. ಹಳೆಯದಕ್ಕೆ ಈಗಷ್ಟೇ 24 ವೋಲ್ಟ್ ಕೊಟ್ಟು ನೋಡಿದೆ, ಪಕ್ಕದ ಗೋದಾಮಿನವರು ಓಡಿಬಂದರು.