ಬ್ಯಾಕ್‌ಲೈನ್ ಎಂದರೆ ಹಿಮ್ಮೇಳವೇ? ಮುಂಬಯಿಯ ಕನ್ನಡ ಬ್ಯಾಂಡಿಗೆ ಬೇಕಾದ ಪದಗಳು

ಪ್ರಶ್ನೆ

ಮುಂಬಯಿಯ ಒಂದು ಸಣ್ಣ ಕನ್ನಡ ಬ್ಯಾಂಡಿಗೆ ಎರಡು ಬರಹ ಕನ್ನಡದಲ್ಲೇ ಬೇಕಾಗಿವೆ. ಒಂದು ಪೋಸ್ಟರು, ಇನ್ನೊಂದು ಸಭಾಗೃಹ ಕೊಡುವ ಸಂಘದ ಕಾರ್ಯದರ್ಶಿಗಳಿಗೆ ಪತ್ರ. ತಂಡದಲ್ಲಿ ಡ್ರಮ್ಸ್, ಬೇಸ್ ಗಿಟಾರ್, ಗಿಟಾರ್, ಕೀಬೋರ್ಡ್, ಚೆಂಡೆ ಇವೆ, ಹಾಡುವವರು ಇಬ್ಬರು. ಮುಕ್ಕಾಲು ಪಾಲು ಹಾಡುಗಳು ಅವರವೇ. ಗಿಗ್ (ಬ್ಯಾಂಡಿನ ಕಾರ್ಯಕ್ರಮ), ಸೌಂಡ್‌ಚೆಕ್, ಸೆಟ್‌ಲಿಸ್ಟ್, ಬ್ಯಾಕ್‌ಲೈನ್, ಕವರ್, ಎನ್‌ಕೋರ್ – ಇವಕ್ಕೆ ಏನು ಬರೆಯುವುದು? ಬ್ಯಾಕ್‌ಲೈನಿಗೆ ‘ಹಿಮ್ಮೇಳ’, ಸೌಂಡ್‌ಚೆಕ್ಕಿಗೆ ‘ಧ್ವನಿ ಪರೀಕ್ಷೆ’ ಎಂಬ ಸಲಹೆ ಬಂದಿದೆ. ಬಳಸಬಹುದೇ? ಹಣದ ಮಾತಿಗೂ ಸರಿಯಾದ ಪದ ತಿಳಿಸಿ.

ಉತ್ತರ

ಆ ಎರಡು ಸಲಹೆಗಳನ್ನೂ ಕೈಬಿಡಿ. ಪತ್ರ ಓದಿದ ಕಾರ್ಯದರ್ಶಿಗಳು, ಮೈಕ್‌ಸೆಟ್ಟಿನವರು ಮಾಡಬೇಕಾದ್ದನ್ನೇ ಮಾಡುವಂತಿರಬೇಕು. ಪೋಸ್ಟರ್ ನೋಡಿ ಬಂದವರಿಗೆ ತಾವು ಕೇಳಲು ಬಂದದ್ದೇ ಸಿಗಬೇಕು. ಪದ ಎಷ್ಟು ಅಚ್ಚಗನ್ನಡ ಅನ್ನುವುದನ್ನು ಆಮೇಲೆ ನೋಡಿಕೊಳ್ಳೋಣ.

ಹಿಮ್ಮೇಳ ಎಂದರೆ ಮನುಷ್ಯರು: ಭಾಗವತರು, ಮದ್ದಳೆಯವರು, ಚೆಂಡೆಯವರು. ಬ್ಯಾಕ್‌ಲೈನ್ ಎಂದರೆ ಸಾಮಾನು. ಯಕ್ಷಗಾನ ನೋಡಿ ಬೆಳೆದ ಕಾರ್ಯದರ್ಶಿಗಳಿಗೆ ‘ಹಿಮ್ಮೇಳವನ್ನು ಸಂಘವೇ ಒದಗಿಸಬೇಕು’ ಎಂದು ಬರೆದರೆ ಅವರು ಜನ ಹುಡುಕುತ್ತಾರೆ, ಡ್ರಮ್ ಸೆಟ್ ಬರುವುದೇ ಇಲ್ಲ. ‘ವೇದಿಕೆಗೆ ಬೇಕಾದ ಸಾಮಾನು’ ಎಂದು ಬರೆದು ಒಂದೊಂದನ್ನೂ ಹೆಸರಿಸಿ. ಐದು ಡ್ರಮ್ಮಿನ ಸೆಟ್ಟು, ಹೈಹ್ಯಾಟ್ ಸ್ಟ್ಯಾಂಡು, ಸಿಂಬಲ್ ಸ್ಟ್ಯಾಂಡು ಎರಡು, ಕೂರಲು ಡ್ರಮ್ ಸ್ಟೂಲು, ಬೇಸ್ ಆಂಪ್ಲಿಫಯರ್ ಒಂದು, ಗಿಟಾರ್ ಆಂಪ್ಲಿಫಯರ್ ಒಂದು, ಕೀಬೋರ್ಡ್ ಸ್ಟ್ಯಾಂಡು. ಜೊತೆಗೆ ಆರಡಿ ಉದ್ದ, ಆರಡಿ ಅಗಲದ ಜಮಖಾನೆ. ಇದನ್ನು ಮರೆಯುವವರೇ ಹೆಚ್ಚು. ನುಣುಪು ನೆಲದ ಮೇಲೆ ಕಿಕ್ ಡ್ರಮ್ಮು, ಅಂದರೆ ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್ಮು, ಪ್ರತಿ ಏಟಿಗೂ ಚೂರುಚೂರೇ ಮುಂದೆ ಜಾರುತ್ತದೆ, ಮೂರನೇ ಹಾಡಿನ ಹೊತ್ತಿಗೆ ಪೆಡಲ್ ಕಾಲಿಗೆ ಎಟಕುವುದಿಲ್ಲ. ಸ್ನೇರ್, ಸಿಂಬಲ್, ಕಿಕ್ ಪೆಡಲ್ ಈ ಮೂರನ್ನು ಬ್ಯಾಂಡಿನವರೇ ತರುವುದು ರೂಢಿ; ಅದನ್ನೂ ಪತ್ರದಲ್ಲಿ ಹೇಳಿ.

‘ಧ್ವನಿ ಪರೀಕ್ಷೆ’ ಎಂದರೆ ಕನ್ನಡದ ಕಿವಿಗೆ ಆಕಾಶವಾಣಿಯವರು ಕಲಾವಿದರನ್ನು ಆರಿಸಲು ನಡೆಸುವ ಪರೀಕ್ಷೆ. ‘ಮೈಕ್ ಟೆಸ್ಟಿಂಗ್’ ಎಂದರೆ ಒಬ್ಬರು ಬಂದು ಹಲೋ ಹಲೋ ಅಂದು ಹೋಗುವುದು, ಎರಡು ನಿಮಿಷದ ಕೆಲಸ. ಬ್ಯಾಂಡಿಗೆ ಬೇಕಾದದ್ದು ಎರಡೂ ಅಲ್ಲ. ‘ಸೌಂಡ್‌ಚೆಕ್’ ಎಂದೇ ಬರೆದು ಪಕ್ಕದಲ್ಲಿ ಸಮಯ ನಮೂದಿಸಿ: ‘ಸಾಮಾನು ಜೋಡಿಸಲು 45 ನಿಮಿಷ, ಲೈನ್‌ಚೆಕ್ 10 ನಿಮಿಷ, ಸೌಂಡ್‌ಚೆಕ್ 45 ನಿಮಿಷ’. ಸಂಜೆ 6ಕ್ಕೆ ಬಾಗಿಲು ತೆರೆಯುವುದಿದ್ದರೆ ಸಭಾಗೃಹ ಮಧ್ಯಾಹ್ನ 3:30ಕ್ಕಾದರೂ ಕೈಗೆ ಸಿಗಬೇಕು, ಏಕೆಂದರೆ ಬೆಳಗಿನ ಕಾರ್ಯಕ್ರಮದವರು ಕುರ್ಚಿ ಎತ್ತುವಷ್ಟರಲ್ಲಿ ಅರ್ಧ ಗಂಟೆ ಹೋಗುವುದು ಮಾಮೂಲು.

ಲೈನ್‌ಚೆಕ್, ಸೌಂಡ್‌ಚೆಕ್ ಬೇರೆ ಬೇರೆ. ಪ್ರತಿಯೊಂದು ತಂತಿಯೂ ಮಿಕ್ಸರಿನ ಸರಿಯಾದ ಚಾನೆಲ್ಲಿಗೆ ಬರುತ್ತಿದೆಯೇ ಎಂದಷ್ಟೇ ನೋಡುವುದು ಲೈನ್‌ಚೆಕ್. ಆಮೇಲಿನದು ಸೌಂಡ್‌ಚೆಕ್. ಮೊದಲು ಸೆಟ್ಟಿನ ಕಿಕ್, ಸ್ನೇರ್, ಟಾಮ್ ಡ್ರಮ್ಮುಗಳನ್ನು ಒಂದೊಂದಾಗಿ ಬಾರಿಸಬೇಕು, ಆಮೇಲೆ ಇಡೀ ಡ್ರಮ್ ಸೆಟ್ಟು. ನಂತರ ಬೇಸ್, ಗಿಟಾರ್, ಕೀಬೋರ್ಡ್, ಚೆಂಡೆ, ಕೊನೆಗೆ ಹಾಡುವವರು. ಹಾಡುವವರು ಮೆಲ್ಲಗೆ ಗುನುಗಬಾರದು. ಕಾರ್ಯಕ್ರಮದಲ್ಲಿ ಏರುವಷ್ಟೇ ಏರಿ ಹಾಡಬೇಕು. ಇಲ್ಲವಾದರೆ ಮಿಕ್ಸರಿನವರು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಹೆಚ್ಚಿಗೆ ಇಡುತ್ತಾರೆ, ನಿಜವಾದ ಹಾಡಿನಲ್ಲಿ ದನಿ ಒಡೆಯುತ್ತದೆ. ಕೊನೆಗೆ ಎಲ್ಲರೂ ಸೇರಿ ಎರಡೇ ಹಾಡು: ಅತಿ ಗದ್ದಲದ್ದೊಂದು, ಅತಿ ಮೆಲುವಾದದ್ದೊಂದು.

ಫೀಡ್‌ಬ್ಯಾಕಿಗೆ ‘ಮರುಮಾಹಿತಿ’ ಗಿರುಮಾಹಿತಿ ಬೇಡ. ‘ಮೈಕ್ ಕೂಗುತ್ತಿದೆ’ ಅಂದರೆ ಮೈಕ್‌ಸೆಟ್ಟಿನವರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ವೇದಿಕೆಯಲ್ಲಿ ಇಡುವ ಮಾನಿಟರ್ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತು ಹಾಕುವುದೇ ಕೂಗು. ಶ್ಯೂರ್ ಎಸ್ಎಂ58ರಂಥ ಕಾರ್ಡಿಯಾಯ್ಡ್ ಮೈಕು ನೇರ ಹಿಂಬದಿಯ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಹಾಗಾಗಿ ಮಾನಿಟರನ್ನು ಮೈಕಿನ ಬೆನ್ನಿಗೆ ಸರಿಯಾಗಿ ಇಡಬೇಕು. ಸೂಪರ್‌ಕಾರ್ಡಿಯಾಯ್ಡ್ ಮೈಕಾದರೆ ಹಿಂದಿನಿಂದಲೂ ಸ್ವಲ್ಪ ಕೇಳಿಸಿಕೊಳ್ಳುತ್ತದೆ, ಮಾನಿಟರ್ ಓರೆಯಲ್ಲಿ, ಹಿಂಬದಿಯ ಒಂದು ಮಗ್ಗುಲಿಗೆ ಇರಬೇಕು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಾಡಿದರೆ ಈ ಗುಣವೇ ಕೆಟ್ಟು ಎಲ್ಲ ದಿಕ್ಕಿನದನ್ನೂ ಹಿಡಿಯುತ್ತದೆ. ಚೆಂಡೆಯನ್ನು ಹಾಡುವವರ ಬೆನ್ನಿಗೆ ನಿಲ್ಲಿಸಬೇಡಿ. ಅದರ ಸದ್ದು ಹಾಡಿನ ಮೈಕಿಗೇ ಮೊದಲು ಹೊಗುತ್ತದೆ, ದನಿ ಏರಿಸಲು ಹೋದರೆ ಚೆಂಡೆಯೂ ಏರುತ್ತದೆ. ಒಂದು ಬದಿಗೆ ಆರೇಳು ಅಡಿ ದೂರ ನಿಂತರೆ ಸಾಕು. ಇನ್ನೂರು ಮುನ್ನೂರು ಜನರ ಸಭಾಗೃಹದಲ್ಲಿ ಚೆಂಡೆಗೆ ಬೇರೆ ಮೈಕೇ ಬೇಡ.

‘ಗುಂಯ್’ ಎಂದು ಬಿಡದೆ ಮೊರೆಯುವುದು ಬೇರೆ ತೊಂದರೆ. ಆಂಪ್ಲಿಫಯರ್ ಒಂದು ಗೋಡೆಯ ಸಾಕೆಟ್ಟಿನಿಂದ, ಮಿಕ್ಸರ್ ಮತ್ತೊಂದರಿಂದ ಕರೆಂಟು ಪಡೆದು, ಎರಡರ ಅರ್ತಿಂಗ್ ಬೇರೆಯಾದರೆ ಹೀಗಾಗುತ್ತದೆ. ಎಲ್ಲವನ್ನೂ ಒಂದೇ ಲೈನಿಗೆ ತನ್ನಿ, ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ‘ಗ್ರೌಂಡ್ ಲಿಫ್ಟ್’ ಗುಂಡಿ ಒತ್ತಿ ನೋಡಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಮೊರೆತ ನಿಲ್ಲಿಸುವವರಿದ್ದಾರೆ. ಗಿಟಾರಿನ ತಂತಿ ಹಿಡಿದವರ ತುಟಿ ಮೈಕಿಗೆ ತಗಲಿದಾಗ ಶಾಕ್ ಹೊಡೆಯುವುದು ಹೀಗೆಯೇ. ಜೀವಕ್ಕೇ ಅಪಾಯ.

ಇನ್ನು ನಮ್ಮ ಸಂಘಗಳದ್ದೇ ಒಂದು ಪದವಿದೆ, ‘ಸಭಾ ಕಾರ್ಯಕ್ರಮ’, ಅಂದರೆ ಹಾಡಿಗೆ ಮೊದಲಿನ ಭಾಷಣ, ಸನ್ಮಾನ. ಸೌಂಡ್‌ಚೆಕ್ ಮುಗಿದ ಮೇಲೆ ವೇದಿಕೆಗೆ ಎಂಟು ಕುರ್ಚಿ ಬರುತ್ತವೆ, ಮೈಕುಗಳು ಬದಿಗೆ ಸರಿಯುತ್ತವೆ, ಯಾರದೋ ಕಾಲಿಗೆ ಸಿಕ್ಕಿದ ಕೇಬಲ್ ಕಳಚುತ್ತದೆ; ಮಧ್ಯಾಹ್ನದ ದುಡಿಮೆಯೆಲ್ಲ ನೀರುಪಾಲು. ‘ಸಭಾ ಕಾರ್ಯಕ್ರಮ ಮುಂಪರದೆಯ ಮುಂದೆ, ಎರಡು ಬೇರೆ ಮೈಕುಗಳಲ್ಲಿ ನಡೆಯಲಿ’ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ಸ್ಟ್ಯಾಂಡುಗಳ ಜಾಗಕ್ಕೆ ನೆಲದಲ್ಲಿ ಟೇಪಿನ ಗುರುತು ಹಾಕಿ. ಹಳೆಯ ಬಗೆಯ ಮಿಕ್ಸರಾದರೆ ಗುಬುಟುಗಳ ಫೋಟೋ ತೆಗೆದಿಡಿ, ಡಿಜಿಟಲ್ ಆದರೆ ಸೀನ್ (ಎಲ್ಲ ಹೊಂದಾಣಿಕೆಗಳ ದಾಖಲೆ) ಸೇವ್ ಮಾಡಿಸಿ.

ಗಿಗ್ ಎಂಬುದಕ್ಕೆ ಪೋಸ್ಟರಿನಲ್ಲಿ ‘ರಸಮಂಜರಿ’ ಹಾಕಿದರೆ ಜನ ಸಿನಿಮಾ ಹಾಡಿಗೆ ಕಾಯುತ್ತಾರೆ. ಮೂರು ಸ್ವಂತ ಹಾಡು ಆಗುವಷ್ಟರಲ್ಲಿ ಚೀಟಿ ಬರತೊಡಗುತ್ತದೆ. ‘ಕಚೇರಿ’ ಎಂದರೆ ಮುಂಬಯಿಯ ಮಾಟುಂಗಾ ಬಡಾವಣೆಯ ಶ್ರೋತೃಗಳು ತಂಬೂರಿ, ಮೃದಂಗ ನಿರೀಕ್ಷಿಸುತ್ತಾರೆ. ‘ಆರ್ಕೆಸ್ಟ್ರಾ’ ಮುಂಬಯಿಯಲ್ಲಿ ಬಾರಿನ ಲೈಸೆನ್ಸಿಗೆ ಅಂಟಿಕೊಂಡ ಪದ, ಕುಟುಂಬದವರನ್ನು ಕರೆಯುವ ಪೋಸ್ಟರಿಗೆ ಒಗ್ಗದು. ಬರೇ ‘ಬ್ಯಾಂಡ್’ ಅಂದರೆ ಹಿರಿಯರಿಗೆ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟು. ಹೆಸರಿನ ಕೆಳಗೆ ‘ಸ್ವಂತ ಕನ್ನಡ ಹಾಡುಗಳು – ಗಿಟಾರ್, ಡ್ರಮ್ಸ್, ಚೆಂಡೆಯೊಂದಿಗೆ’ ಎಂಬ ಒಂದು ಸಾಲು ಸೇರಿಸಿದರೆ ಗೊಂದಲ ತೀರಿತು. ಮಾತಿನಲ್ಲಿ ‘ಶೋ’ ಎಲ್ಲರೂ ಅನ್ನುತ್ತಾರೆ, ಅನ್ನಲಿ. ಮುಂಬಯಿ, ಪುಣೆ, ಗೋವಾ ಹೀಗೆ ಸಾಲಾಗಿ ಹೋಗುವುದಕ್ಕೆ ಮಾತ್ರ ಯಕ್ಷಗಾನ ಮೇಳದವರ ‘ತಿರುಗಾಟ’ವನ್ನು ಬಿಡಬೇಡಿ, ಟೂರ್ ಎನ್ನುವುದಕ್ಕೆ ಅದರಷ್ಟು ಚೆಂದ ಹೊಂದುವ ಪದ ಬೇರೆ ಇಲ್ಲ.

ಎನ್‌ಕೋರಿಗೆ ಕಂಪನಿ ನಾಟಕದ ಕಾಲದಿಂದ ‘ಒನ್ಸ್‌ಮೋರ್’ ಇದೆ. ಆದರೆ ಒನ್ಸ್‌ಮೋರ್ ಅಂದರೆ ಅದೇ ಹಾಡು ಮತ್ತೊಮ್ಮೆ, ಎನ್‌ಕೋರ್ ಅಂದರೆ ಕೊನೆಗೆ ಇನ್ನೊಂದು ಹಾಡು. ಕೂಗಿದವರು ಕೇಳುತ್ತಿರುವುದು ಯಾವುದೆಂದು ತಿಳಿದು ಹಾಡಿ. ಸಮಯವನ್ನೂ ಇಟ್ಟುಕೊಂಡಿರಿ: 2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಬಯಲು ವೇದಿಕೆಗಳೇ ಹೆಚ್ಚಿರುವ ಗೋವಾದಲ್ಲಿ ಕೊನೆಯ ಹಾಡು 9:45ಕ್ಕೆ ಮುಗಿಯುವಂತೆ ಪಟ್ಟಿ ಮಾಡಬೇಕು.

ಕವರ್ ಎಂಬುದಕ್ಕೆ ‘ಬೇರೆಯವರ ಹಾಡು’ ಸಾಕು, ‘ಮರುಗಾಯನ’ ಎಂದರೂ ತಿಳಿಯುತ್ತದೆ. ಪದಕ್ಕಿಂತ ಇಲ್ಲಿ ತಪ್ಪುವುದು ಸಾಹಿತ್ಯ ಮತ್ತು ರಾಗಸಂಯೋಜನೆ ಎರಡು ಬೇರೆ ಸ್ವತ್ತು ಎಂಬ ವಿಷಯ. ನಮ್ಮ ಕಾಯಿದೆಯಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳು ಎಲ್ಲರವು. ಆದರೆ ಜನ ಗುನುಗುವ ಧಾಟಿ ಬಹುಪಾಲು ಸಿ. ಅಶ್ವಥ್ ಅವರದು, ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿಗೆ ಹಕ್ಕು ಇನ್ನೂ ಇದೆ. ಬೇಂದ್ರೆಯವರು 1981ರಲ್ಲಿ ಹೋದರು, ಅವರ ಕವನಕ್ಕೆ ನೀವೇ ರಾಗ ಹಾಕಿದರೂ 2041 ಮುಗಿಯುವ ತನಕ ಅನುಮತಿ ಬೇಕು. ವೇದಿಕೆಯಲ್ಲಿ ಹಾಡುವ ಲೈಸೆನ್ಸನ್ನು ಐಪಿಆರ್‌ಎಸ್‌ನಿಂದ (ಸಾಹಿತಿ, ಸಂಗೀತ ಸಂಯೋಜಕರ ಹಕ್ಕಿನ ಸಂಸ್ಥೆ) ತೆಗೆದುಕೊಳ್ಳುವುದು ಸಂಘಟಕರ ಹೊಣೆ. ಹಾಡುಗಳ ಪಟ್ಟಿ ಕೊಡುವಾಗ ಪ್ರತಿ ಹಾಡಿನ ಮುಂದೆ ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಬರೆದರೆ ಅವರ ಕೆಲಸ ಹಗುರ.

ಹಣದ ಮಾತಿನಲ್ಲಿ ‘ಗೌರವಧನ’ ಬರೆಯಬೇಡಿ. ಆ ಪದದಲ್ಲಿ ಮೊತ್ತ ಕೊಡುವವರ ಇಷ್ಟ. ಶಾಲು, ಹಾರ, ಸ್ಮರಣಿಕೆಯಲ್ಲೇ ಮುಗಿದರೂ ಕೇಳುವಂತಿಲ್ಲ. ‘ಸಂಭಾವನೆ’ ಎಂದು ಬರೆದು ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ ನಮೂದಿಸಿ. ‘ಮುಂಗಡ ಅರ್ಧ, ಉಳಿದದ್ದು ಕಾರ್ಯಕ್ರಮದ ದಿನ ವೇದಿಕೆ ಏರುವ ಮೊದಲು’ ಎಂಬ ಸಾಲು ಕಡ್ಡಾಯ. ಟಿಕೆಟ್ ಹಣದಲ್ಲಿ ಪಾಲಾದರೆ ‘ಒಟ್ಟು ವಸೂಲಿಯಲ್ಲಿ’ ಅಥವಾ ‘ಖರ್ಚು ಕಳೆದು ಉಳಿದದ್ದರಲ್ಲಿ’ – ಎರಡರಲ್ಲಿ ಒಂದು ಇರಲೇಬೇಕು. 300 ರೂಪಾಯಿಯ ಟಿಕೆಟು 120 ಹೋದರೆ 36,000. ಒಟ್ಟಿನಲ್ಲಿ ಶೇ. 70 ಅಂದರೆ 25,200. ಸಭಾಗೃಹ, ಮೈಕ್‌ಸೆಟ್ಟಿನ 15,000 ಮೊದಲು ಕಳೆದರೆ ಅದೇ ಶೇ. 70 ಎಂಬುದು 14,700ಕ್ಕೆ ಇಳಿಯುತ್ತದೆ.

ಪೋಸ್ಟರಿನ ವಿಳಾಸಕ್ಕೂ ಪದ ಬೇಕು. ‘ಮಾಟುಂಗಾ’ ಎಂದಷ್ಟೇ ಹಾಕಿದರೆ ಅರ್ಧ ಜನ ತಪ್ಪು ಕಡೆ ಇಳಿಯುತ್ತಾರೆ. ಮೈಸೂರು ಅಸೋಸಿಯೇಶನ್ ಇರುವುದು ಪೂರ್ವದಲ್ಲಿ, ಭಾವುದಾಜಿ ರಸ್ತೆಯಲ್ಲಿ. ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣ ಹತ್ತಿರ. ಕರ್ನಾಟಕ ಸಂಘ ಪಶ್ಚಿಮದಲ್ಲಿ. ಅದಕ್ಕೆ ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್. ನಿಲ್ದಾಣ, ದಿಕ್ಕು, ಎರಡೂ ಇರಲಿ. ಭಾನುವಾರವಾದರೆ ಮೆಗಾಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲೆಂದು ನೋಡಿಕೊಂಡು ಸೌಂಡ್‌ಚೆಕ್ಕಿನ ಸಮಯ ಗೊತ್ತು ಮಾಡಿ, ಏಕೆಂದರೆ ಅದು ಸಾಮಾನ್ಯವಾಗಿ ಬೀಳುವುದು ನೀವು ಸಾಮಾನು ಹೊತ್ತು ಹೊರಡುವ ಹಗಲು ಹೊತ್ತಿನಲ್ಲೇ. ‘ಕರ್ನಾಟಕ ಮಲ್ಲ’ದಂಥ ಇಲ್ಲಿನ ಕನ್ನಡ ದಿನಪತ್ರಿಕೆಗೆ ಕಳಿಸುವ ಟಿಪ್ಪಣಿ ಐದಾರು ಸಾಲು ಮೀರದಿರಲಿ, ‘ಜರಗಲಿದೆ’ ಎಂಬ ಕ್ರಿಯಾಪದದ ಮೊದಲೇ ದಿನ, ಗಂಟೆ, ಜಾಗ ಬಂದಿರಲಿ. ಉದ್ಘಾಟಕರ ಹೆಸರುಗಳಲ್ಲಿ ಹಾಡುವವರ ಹೆಸರು ಮುಳುಗಿಹೋಗದಂತೆ ನೋಡಿಕೊಳ್ಳಿ.

ಇನ್ನೊಬ್ಬರಿಂದ

ಮೇಲಿನ ಉತ್ತರದಲ್ಲಿ ಸೆಟ್‌ಲಿಸ್ಟ್ ತಪ್ಪಿಹೋಗಿದೆ. ‘ಹಾಡುಗಳ ಪಟ್ಟಿ’ ಎನ್ನಿ, ಆದರೆ ಪ್ರತಿ ಹಾಡಿಗೂ ‘ಶ್ರುತಿ’ ಎಂಬ ಕಾಲಂ ಇರಲಿ. ಗಿಟಾರಿನವರು ಸಿ ಶಾರ್ಪ್ ಅನ್ನುವುದು ಹಾರ್ಮೋನಿಯಂ ಬಲ್ಲ ಕನ್ನಡಿಗರಿಗೆ ‘ಕಪ್ಪು ಒಂದು’, ಡಿ ಅನ್ನುವುದು ‘ಬಿಳಿ ಎರಡು’, ಜಿ ಶಾರ್ಪ್ ‘ಕಪ್ಪು ನಾಲ್ಕು’. ಚೆಂಡೆಯನ್ನು ಹಾಡಿನ ನಡುವೆ ಶ್ರುತಿ ಬದಲಿಸಲಾಗದು, ಆದ್ದರಿಂದ ಅದು ಬರುವ ಹಾಡುಗಳನ್ನು ಒಂದೇ ಶ್ರುತಿಯಲ್ಲಿ ಸಾಲಾಗಿ ಇಡುವುದು ಒಳ್ಳೆಯದು. ಕೊನೆಯ ಗಳಿಗೆಯಲ್ಲಿ ತಬಲಾ ಬಾಡಿಗೆಗೆ ತರಬೇಕಾಗಿ ಬಂದರೆ ದಾದರಿನ ಅಂಗಡಿಯಲ್ಲಿ ಮರಾಠಿಯಲ್ಲೇ ‘ಕಾಳಿ ಏಕ್’, ‘ಕಾಳಿ ಚಾರ್’ ಎಂದು ಕೇಳಿ; ಲೆಕ್ಕ ನಮ್ಮದೇ, ಕೈಗೆ ಸರಿಯಾದ ತಬಲಾ ಬರುತ್ತದೆ.