ತಮ್ಮನ ಮಾಸಾಶನ ಒಂಬತ್ತು ತಿಂಗಳಿಂದ ‘ಮೇಲೆ’ ಇದೆಯಂತೆ

ಪ್ರಶ್ನೆ (ದಾಸರಹಳ್ಳಿಯಿಂದ ಒಬ್ಬ ಗೃಹಿಣಿ):
ನಮಸ್ಕಾರ ಸರ್. ಬೈಕ್ ಅಪಘಾತದಲ್ಲಿ ನನ್ನ ತಮ್ಮನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬರಲು ಐದು ತಿಂಗಳಾಯಿತು, ಅದರಲ್ಲಿ ಅಂಗವಿಕಲತೆ ಶೇ 60 ಎಂದಿದೆ. ಮಾಸಾಶನಕ್ಕೆ ಅರ್ಜಿ ಹಾಕಿ ಒಂಬತ್ತು ತಿಂಗಳು ಕಳೆದಿದೆ. ಕೇಳಿದಾಗಲೆಲ್ಲ ‘ಮೇಲಿಂದ ಬಂದಿಲ್ಲ’ ಎನ್ನುತ್ತಾರೆ. ಅವನನ್ನು ಕರೆದುಕೊಂಡು ಹೋಗಿ ಬರಲು ಆಟೋಗೆ 300 ರೂಪಾಯಿ ಬೇಕು. ಏನು ಮಾಡಲಿ?

ಉತ್ತರ (ನಿವೃತ್ತ ಉಪ ತಹಶೀಲ್ದಾರ್):
ಮೊದಲು ಆ ಆಟೋ ಓಡಾಟ ನಿಲ್ಲಿಸಿ ತಾಯಿ. ಶೇ 60ಕ್ಕೆ ಸಿಗುವ ಮಾಸಾಶನ ತಿಂಗಳಿಗೆ 800 ರೂಪಾಯಿ. ಮೂರು ಸಲ ಹೋಗಿ ಬಂದರೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಕಾರ್ಡ್ ತಡವಾದದ್ದು ಬೇರೆ ಕಥೆ. ಅರ್ಜಿ ಬಂದ ಒಂದು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮವಿತ್ತು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳು ಮಾಡಿತು. ಅದೂ ಮೀರಿತು, ಇರಲಿ, ಕಾರ್ಡ್ ಕೈಯಲ್ಲಿದೆಯಲ್ಲ.

ಈಗ ನಾಡಕಚೇರಿಯಲ್ಲಿ ಕೊಟ್ಟ ಸ್ವೀಕೃತಿ ಚೀಟಿ ತೆಗೆಯಿರಿ. ಅದರ ಮೇಲೆ ಸಕಾಲದ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ರಾಜ್ಯದ ವ್ಯವಸ್ಥೆ) ಸಂಖ್ಯೆ ಇರುತ್ತದೆ, ವಿಲೇವಾರಿಯ ದಿನಾಂಕವೂ ಇರುತ್ತದೆ. ಆ ಸಂಖ್ಯೆ ಹಾಕಿ ಸ್ಥಿತಿಯನ್ನು ಮನೆಯಲ್ಲೇ ನೋಡಬಹುದು. ಗಡುವು ಮೀರಿದ್ದರೆ ಮೇಲ್ಮನವಿ ಹಾಕಿ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ನಗು ತರಿಸುತ್ತದೆ ನಿಜ, ಆದರೆ ಅದು ಸಂಬಂಧಪಟ್ಟವರ ಸಂಬಳದಿಂದ ಹೋಗುವಂಥದ್ದು. ಕಡತ ಅಲುಗಾಡುವುದು ಆ ಭಯಕ್ಕೇ.

‘ಆಯಿತೇ?’ ಎಂದು ಕೇಳಬೇಡಿ. ಮೂವತ್ತು ವರ್ಷ ಕುರ್ಚಿಯ ಆಚೆ ಬದಿಯಲ್ಲಿ ಕುಳಿತವನು ಹೇಳುತ್ತಿದ್ದೇನೆ, ಆ ಪ್ರಶ್ನೆಗೆ ‘ಇಲ್ಲ’ ಎಂದರೆ ಮುಗಿಯಿತು. ‘ಕಡತ ಯಾರ ಬಳಿ, ಯಾವ ದಿನಾಂಕದಿಂದ ಇದೆ?’ ಎಂದು ಕೇಳಿ, ಅದೂ ಬರವಣಿಗೆಯಲ್ಲಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನೊಂದು ಮಾತು: ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಬೆಂಗಳೂರಿನಲ್ಲಿ ಅದು ಮನೆ ಬಾಡಿಗೆಗೂ ಸಾಲದ ಹಣ, ಆದರೂ ಮಿತಿ ಮಿತಿಯೇ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ.

ಮತ್ತೆ ಅದೇ ಗೃಹಿಣಿ (ಮೂರು ದಿನದ ನಂತರ):
ಸರ್, ನೋಡಿದೆವು. ಮಂಜೂರಾತಿ ಆದೇಶ ನಾಲ್ಕು ತಿಂಗಳ ಹಿಂದೆಯೇ ಆಗಿದೆಯಂತೆ! ಆದರೆ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ನಮಗೆ ಒಬ್ಬರೂ ಹೇಳಲಿಲ್ಲ. ವಕೀಲರನ್ನು ಹಿಡಿಯಬೇಕೇ?

ಉತ್ತರ:
ವಕೀಲರು ಬೇಕೆನಿಸಿದರೆ ದುಡ್ಡು ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಅಂಗವಿಕಲರಿಗೆ ಆ ನೆರವು ಉಚಿತ. 15100ಕ್ಕೆ ಕರೆ ಮಾಡಿ. ಆದರೆ ನಿಮ್ಮದು ಬ್ಯಾಂಕಿನ ತೊಡಕೆಂದು ನನ್ನ ಅನುಮಾನ. ತಮ್ಮ ಮೊದಲು ಎಲ್ಲಾದರೂ ಕೆಲಸಕ್ಕಿದ್ದರೇ? ಆಗ ಸಂಬಳಕ್ಕೆಂದು ತೆರೆದ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ, ಅರ್ಜಿಯಲ್ಲಿ ನೀವು ಬರೆದ ಖಾತೆಯನ್ನು ಬಿಟ್ಟು ಹಣ ಅಲ್ಲಿಗೇ ಹೋಗಿರಬಹುದು.

ಗೃಹಿಣಿ:
ಪೀಣ್ಯದಲ್ಲಿ ಕೆಲಸಕ್ಕಿದ್ದಾಗ ಒಂದು ಖಾತೆ ತೆರೆದಿದ್ದ ಸರ್. ಅದು ಇರುವುದೇ ಮರೆತುಹೋಗಿತ್ತು.

ಉತ್ತರ:
ಹಾಗಾದರೆ ನಾಳೆ ಆ ಪಾಸ್‌ಬುಕ್ ಹುಡುಕಿ, ಎಂಟ್ರಿ ಹಾಕಿಸಿಕೊಂಡು ಬನ್ನಿ. ಆಧಾರ್ ಜೋಡಣೆ ಬದಲಿಸುವ ಅರ್ಜಿಯನ್ನು ಆಮೇಲೆ ಬರೆಯೋಣ.