ಕಂಪನಿ ಬಿಲ್ ಹಣ ಕೊಡುತ್ತಿಲ್ಲ: ಫ್ರೀಲ್ಯಾನ್ಸರ್‌ಗೆ ಯಾವ ಕಾನೂನು?

ಹುಬ್ಬಳ್ಳಿ_ಡಿಸೈನರ್:
ಬೆಂಗಳೂರಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಗ್ರಾಫಿಕ್ ಡಿಸೈನ್ ಕೆಲಸದ ಮೂರು ಬಿಲ್ ಬರಬೇಕು, ತಲಾ 60,000 ರೂಪಾಯಿ. ಒಂದು ಜನವರಿಯದು, ಇನ್ನೆರಡು ಏಪ್ರಿಲ್ ಮತ್ತು ಜೂನ್‌ನವು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆದದ್ದು ಮಾರ್ಚ್‌ನಲ್ಲಿ. ಅಗ್ರಿಮೆಂಟ್ ಇಲ್ಲ, ಪರ್ಚೇಸ್ ಆರ್ಡರ್ ಇದೆ; ಅದರಲ್ಲಿ 90 ದಿನದಲ್ಲಿ ಪಾವತಿ ಎಂದಿದೆ. ಆ ಗಡುವೂ ಮುಗಿದಿದೆ. ಈಗ ಮ್ಯಾನೇಜರ್ ಕೆಲಸವೇ ಸರಿಯಿರಲಿಲ್ಲ ಎನ್ನುತ್ತಿದ್ದಾರೆ. ಲೇಬರ್ ಆಫೀಸಿಗೆ ಹೋಗಬೇಕೇ, ಪೊಲೀಸರಿಗೆ ದೂರು ಕೊಡಬೇಕೇ, ಕೋರ್ಟೇ ಗತಿಯೇ?

ಸಿವಿಲ್_ವಕೀಲ:
ಲೇಬರ್ ಆಫೀಸಿನಲ್ಲಿ ಕೆಲಸವಾಗದು. ನೀವು ಅವರ ನೌಕರರಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ವೇದಿಕೆಗಳ ಮೂಲಕ ದುಡಿಯುವವರಿಗೆ, ನೇರ ಗ್ರಾಹಕರ ಬಾಕಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಇನ್ನು ಪೊಲೀಸರು: ಹಣ ಕೊಡದಿರುವುದಷ್ಟೇ ವಂಚನೆಯಲ್ಲ, ಶುರುವಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಬೇಕು. ಇದು ಸಿವಿಲ್ ವ್ಯಾಜ್ಯ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ.

ನಿಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ. 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಅವರ 90 ದಿನದ ಷರತ್ತು ಇಲ್ಲಿ ನಿಲ್ಲದು. ಕೆಲಸ ಸರಿಯಿಲ್ಲ ಎಂಬ ಮಾತನ್ನೂ ಡೆಲಿವರಿಯಾದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಿರಬೇಕು. ಹೇಳಿಲ್ಲವೆಂದರೆ ಕೆಲಸ ಒಪ್ಪಿಕೊಂಡಂತೆಯೇ ಲೆಕ್ಕ. ಹಾಗಾಗಿ ಫೈನಲ್ ಫೈಲ್ ಕಳಿಸಿದ ಇಮೇಲ್ ನಿಮ್ಮ ಕೇಸಿನ ಬೆನ್ನೆಲುಬು. ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಆ ಚಾಟ್ ಇಂದೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಫೋನ್ ಬದಲಾಯಿಸಬೇಡಿ.

ಎಂಎಸ್‌ಎಂಇ_ಸಲಹೆ:
ಒಂದು ಎಚ್ಚರಿಕೆ. ಜನವರಿ ಬಿಲ್ಲನ್ನು ಉಳಿದೆರಡರ ಜೊತೆ ಸೇರಿಸಬೇಡಿ. ಗುಜರಾತ್ ನಾಗರಿಕ ಸರಬರಾಜು ನಿಗಮ ಮತ್ತು ಮಹಾಕಾಳಿ ಫುಡ್ಸ್ ನಡುವಿನ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ನೋಂದಣಿಯ ಲಾಭ ಮುಂದಿನ ಪೂರೈಕೆಗೆ ಮಾತ್ರ, ಹಿಂದಿನದಕ್ಕೆ ಅನ್ವಯವಾಗದು. ಮೂರನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಎದುರಿನವರ ವಕೀಲರು ಮೊದಲು ಎತ್ತುವ ತಕರಾರೇ ಇದು. ಅದರ ವಾದ ಮುಗಿಯುವವರೆಗೆ ನಿಮ್ಮ ಗಟ್ಟಿ ಬಿಲ್ಲುಗಳೂ ಕಾಯಬೇಕಾಗುತ್ತದೆ.

ಉದ್ಯಮ್ ಸರ್ಟಿಫಿಕೇಟ್‌ನಲ್ಲಿ ಚಟುವಟಿಕೆ 'ಸೇವೆ' ಎಂದಿದೆಯೇ ನೋಡಿ. ಡಿಸೈನ್‌ಗೆ ಎನ್‌ಐಸಿ ಕೋಡ್ (ಉದ್ಯಮದ ಬಗೆ ಸೂಚಿಸುವ ಸರ್ಕಾರಿ ಸಂಖ್ಯೆ) 7410ರ ಗುಂಪು. ಬರೀ ಟ್ರೇಡಿಂಗ್ ಎಂದು ನೋಂದಾಯಿಸಿದವರಿಗೆ ವಿಳಂಬ ಪಾವತಿಯ ರಕ್ಷಣೆ ಸಿಗುವುದಿಲ್ಲ.

ಲೆಕ್ಕಿಗ_ಮೈಸೂರು:
ಅರ್ಜಿಗೆ ಮೊದಲು ನಿಮ್ಮ 26ಎಎಸ್, ಅಂದರೆ ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡಿ. ಕಂಪನಿ ನಿಮ್ಮ ಬಿಲ್ ಮೇಲೆ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಟ್ಟಿದ್ದರೆ ಅವರ ಪುಸ್ತಕದಲ್ಲಿ ಆ ಬಿಲ್ ಜಮೆಯಾಗಿದೆ ಎಂದರ್ಥ. ಕೆಲಸ ಸರಿಯಿಲ್ಲ ಎನ್ನುವವರು ಅದರ ಮೇಲೆ ಟಿಡಿಎಸ್ ಯಾಕೆ ಕಟ್ಟಿದರು ಎಂಬ ಪ್ರಶ್ನೆಗೆ ಉತ್ತರಿಸುವುದು ಅವರಿಗೆ ಕಷ್ಟ.

ಬಡ್ಡಿ: 16ನೇ ಸೆಕ್ಷನ್ ಪ್ರಕಾರ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ವರ್ಷಕ್ಕೆ ಶೇ 16.5, ಎರಡು ಬಿಲ್ಲಿನ 1,20,000ಕ್ಕೆ ಮೊದಲ ತಿಂಗಳೇ 1,650 ರೂಪಾಯಿ. ಈ ಬಡ್ಡಿಯನ್ನು ಅವರು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಅಸಲನ್ನೂ ಅಷ್ಟೇ: ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲೇ ಖರ್ಚೆಂದು ತೋರಿಸಬೇಕು. 2024ರ ಏಪ್ರಿಲ್ 1ರಿಂದ ಜಾರಿಯಾದ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ ಇದು. ಆದ್ದರಿಂದ ಉದ್ಯಮ್ ಸಂಖ್ಯೆ, ಬಿಲ್ ದಿನಾಂಕ, ಬಡ್ಡಿ ಲೆಕ್ಕ ಹಾಕಿದ ಇಮೇಲನ್ನು ಮ್ಯಾನೇಜರ್‌ಗಲ್ಲ, ಫೈನಾನ್ಸ್ ಮುಖ್ಯಸ್ಥರಿಗೆ ಕಳಿಸಿ. ಅವರಿಗೆ ಈ ಮಾತು ಬೇಗ ತಟ್ಟುತ್ತದೆ.

ಹುಬ್ಬಳ್ಳಿ_ಡಿಸೈನರ್:
26ಎಎಸ್‌ನಲ್ಲಿ ಏಪ್ರಿಲ್ ಬಿಲ್ಲಿನ ಟಿಡಿಎಸ್ ಕಾಣುತ್ತಿದೆ! ಅರ್ಜಿ ಎಲ್ಲಿ ಹಾಕುವುದು? ಅದಕ್ಕಾಗಿ ಬೆಂಗಳೂರಿಗೆ ಓಡಾಡಬೇಕೇ? ಜನವರಿಯದ್ದನ್ನು ಬಿಟ್ಟೇಬಿಡಬೇಕೇ?

ಎಂಎಸ್‌ಎಂಇ_ಸಲಹೆ:
ಆ ಪುಟದ ಪಿಡಿಎಫ್ ಈಗಲೇ ಇಳಿಸಿಕೊಳ್ಳಿ. ಅರ್ಜಿ ಆನ್‌ಲೈನ್‌ನಲ್ಲೇ, ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ, ಉದ್ಯಮ್ ಸಂಖ್ಯೆಯಿಂದ ಲಾಗಿನ್ ಆಗಿ. ಅದು ಫೆಸಿಲಿಟೇಶನ್ ಕೌನ್ಸಿಲ್‌ಗೆ, ಅಂದರೆ ಇಂಥ ಬಾಕಿ ವ್ಯಾಜ್ಯ ಇತ್ಯರ್ಥಪಡಿಸಲು ಈ ಕಾಯ್ದೆಯಡಿ ಇರುವ ಮಂಡಳಿಗೆ, ಹೋಗುತ್ತದೆ. ಪೂರೈಕೆದಾರ ಇರುವ ಕಡೆಯ ಕೌನ್ಸಿಲ್‌ಗೇ ಅಧಿಕಾರ. ಗ್ರಾಹಕ ಮುಂಬೈಯಲ್ಲಿದ್ದರೂ ಪ್ರಕರಣ ಕರ್ನಾಟಕದಲ್ಲೇ ನಡೆಯುತ್ತದೆ.

ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಬ್ರ್ಯಾಂಡ್ ಹೆಸರು ಬೇಡ. ಎಂಸಿಎ (ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ) ದಾಖಲೆಯಲ್ಲಿರುವ ಪೂರ್ತಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಬರೆಯಿರಿ, ಇಲ್ಲದಿದ್ದರೆ ನೋಟಿಸ್ ತಲುಪುವುದೇ ಇಲ್ಲ. ಪರ್ಚೇಸ್ ಆರ್ಡರ್, ಬಿಲ್, ಡೆಲಿವರಿ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೊಂದೂ ಬೇರೆ ಪಿಡಿಎಫ್ ಆಗಿರಲಿ. ಮೊದಲು ರಾಜಿ ಮಾತುಕತೆ, ಆಗದಿದ್ದರೆ ಪಂಚಾಯ್ತಿಕೆ, ಅಂದರೆ ಆರ್ಬಿಟ್ರೇಶನ್. ಕಾಯ್ದೆಯಲ್ಲಿ 90 ದಿನ ಎಂದಿದೆ, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ತೀರ್ಪು ನಿಮ್ಮ ಕಡೆಯಾದರೆ ಅದನ್ನು ರದ್ದುಮಾಡಿಸಲು ಕೋರ್ಟಿಗೆ ಹೋಗುವ ಕಂಪನಿ ಮೊದಲು ಶೇ 75ರಷ್ಟು ಮೊತ್ತ ಠೇವಣಿ ಇಡಬೇಕು. ಹಾಗಂತ ಕೌನ್ಸಿಲ್ ತಾನೇ ಹಣ ವಸೂಲಿ ಮಾಡಿಕೊಡುವುದಿಲ್ಲ. ಕಂಪನಿ ಕೊಡದಿದ್ದರೆ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪು ಜಾರಿ ಮಾಡಿಸುವ ಅರ್ಜಿ ಹಾಕಬೇಕು.

ಸಿವಿಲ್_ವಕೀಲ:
ಜನವರಿ ಬಿಲ್ ಬಿಡಬೇಡಿ, ದಾವೆ ಹೂಡಲು ಮೂರು ವರ್ಷ ಕಾಲಾವಕಾಶ ಇದೆ. ಮೊದಲು ವಕೀಲರ ನೋಟಿಸ್ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಡಿ, ಕೋರ್ಟ್ ಶುಲ್ಕವಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ. ಕಂಪನಿ ಬರದಿದ್ದರೆ ಸಿವಿಲ್ ದಾವೆ. ಕಮರ್ಷಿಯಲ್ ಕೋರ್ಟ್ 3 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ, ದಿವಾಳಿ ಅರ್ಜಿಗೆ ಕನಿಷ್ಠ 1 ಕೋಟಿ ಬಾಕಿ ಬೇಕು. ನೋಟಿಸ್‌ನಲ್ಲಿ ದಿವಾಳಿಯ ಬೆದರಿಕೆ ಹಾಕಿಸಬೇಡಿ, ಅವರ ವಕೀಲರಿಗೆ ಅದು ಟೊಳ್ಳೆಂದು ತಕ್ಷಣ ಗೊತ್ತಾಗುತ್ತದೆ. ರಾಜಿಯಲ್ಲಿ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಬ್ಯಾಂಕ್ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಲೇಬೇಕು. ಆ ಗಡುವು ತಪ್ಪಿದರೆ ಆ ನೋಟಿಸ್ ಮೇಲೆ ಕೇಸು ನಿಲ್ಲದು.